ಚಿಪ್ಪಿನಲ್ಲಿದ್ದ ಸೋಪು

ನಮ್ಮ ಮನೆಯಲ್ಲಿ ಹೆಂಗಸರಿಗೆ ತಿಂಗಳಿಗೆ ಮೂರು ದಿನ ರಜೆ ಇತ್ತು. ರಜೆ ಅಂತ ಯಾರೂ ಕರೆಯುತ್ತಿರಲಿಲ್ಲ, ಹೊರಗೆ ಕೂರುವುದು ಅನ್ನುತ್ತಿದ್ದರು. ಮುಟ್ಟಾದವಳು ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ದೇವರ ಗೂಡಿನ ಹತ್ತಿರ ಸುಳಿಯುವ ಹಾಗಿಲ್ಲ, ಕುಡಿಯುವ ನೀರಿನ ಕೊಡ ಮುಟ್ಟುವ ಹಾಗಿಲ್ಲ. ವಿಜಯನಗರದಲ್ಲಿ ನಾವಿದ್ದ ಮನೆಗೆ ಎರಡು ರೂಮು, ಒಂದು ಅಡುಗೆಮನೆ, ಹಿಂದೆ ಸಿಮೆಂಟ್ ಶೀಟು ಹೊದಿಸಿದ ಸಣ್ಣ ಜಗಲಿ. ಜಗಲಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ಆ ಮೂರು ದಿನ ಜಗಲಿಯೇ ನನ್ನ ಮನೆ. ಒಂದು ಚಾಪೆ, ಒಂದು ಹಳೇ ಕಂಬಳಿ, ಒಂದು ತಟ್ಟೆ, ಒಂದು ಲೋಟ. ಅತ್ತೆ ಬಾಗಿಲಲ್ಲಿ ನಿಂತು ಮೇಲಿನಿಂದ ಅನ್ನ ಬಡಿಸುತ್ತಿದ್ದರು.

ಮದುವೆಯಾಗಿ ಬಂದ ಹೊಸದರಲ್ಲಿ ಆ ಜಗಲಿಯಲ್ಲಿ ಕೂತು ಎಷ್ಟು ಅತ್ತಿದ್ದೇನೋ ನನಗೇ ಗೊತ್ತಿಲ್ಲ. ನಮ್ಮ ತವರಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ನಾಯಿಗೆ ಹಾಕಿದ ಹಾಗೆ ಅನ್ನ ಹಾಕ್ತಾರಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಈಗಲೂ ಯಾರಾದರೂ ಈ ಪದ್ಧತಿಯ ಹಿಂದೆ ಏನೋ ದೊಡ್ಡ ಜ್ಞಾನ ಇದೆ ಅಂತ ನನ್ನ ಮುಂದೆ ಉಪನ್ಯಾಸ ಕೊಡಲು ಬಂದರೆ, ಮಳೆಗಾಲದಲ್ಲಿ ಮೂರು ದಿನ ಆ ಶೀಟಿನ ಕೆಳಗೆ ಕೂತು ಬನ್ನಿ, ಆಮೇಲೆ ಮಾತಾಡೋಣ ಅನ್ನುತ್ತೇನೆ.

ಆದರೆ ನಾಚಿಕೆ ಬಿಟ್ಟು ಇನ್ನೊಂದು ವಿಷಯವನ್ನೂ ಹೇಳಬೇಕು. ಇಬ್ಬರು ಗಂಡುಮಕ್ಕಳಾದ ಮೇಲೆ, ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಮೋಟಾರಿನ ಕಾಯಿಲಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ ಮೇಲೆ, ನಾನು ಆ ಚಾಪೆಗೆ ಕಾಯತೊಡಗಿದೆ. ಬೆಳಿಗ್ಗೆ ಐದಕ್ಕೆ ಹಾಲಿನ ಬೂತು, ನೀರು ಹಿಡಿಯುವುದು, ನಾಲ್ಕು ಡಬ್ಬಿ ಕಟ್ಟುವುದು, ಬಸ್ಸು, ಎಂಟು ಗಂಟೆ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತುವುದು, ಮತ್ತೆ ಬಸ್ಸು, ಮತ್ತೆ ಒಲೆ. ತಿಂಗಳಿಗೆ ಇಪ್ಪತ್ತೇಳು ದಿನ ಇದು. ಉಳಿದ ಮೂರು ದಿನ ಕಾರ್ಖಾನೆಯಿಂದ ಬಂದು ಹಿಂಬಾಗಿಲಿಂದ ಹೋಗಿ ಚಾಪೆ ಹಾಸಿ ಮಲಗಿದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಹೊರಗಾದ ದಿನವೂ ಕೆಲಸಕ್ಕೆ ಹೋಗುತ್ತಿದ್ದೆ. ಅದಕ್ಕೆ ಅತ್ತೆಯ ಅಪ್ಪಣೆ ಇತ್ತು. "ಫ್ಯಾಕ್ಟರಿಗೆ ಎಂಥ ಮೈಲಿಗೆ, ಹೋಗ್ಬಾ" ಅನ್ನುತ್ತಿದ್ದರು.

ಅತ್ತೆಯ ಬಗ್ಗೆ ಹೇಳಬೇಕು. ಮಾವ ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸ ಮಾಡಿ, ನಿವೃತ್ತಿಗೆ ಮುಂಚೆಯೇ ತೀರಿಕೊಂಡಿದ್ದರು. ಅತ್ತೆಗೆ ಆಗ ಅರವತ್ತೆಂಟರ ಹತ್ತಿರ. ಮಂಡಿ ಎರಡೂ ಊದಿಕೊಂಡಿರುತ್ತಿದ್ದವು. ನೆಲದ ಮೇಲೆ ಕೂತರೆ ಗೋಡೆ ಹಿಡಿದು ಎದ್ದೇಳಬೇಕು. ನಾನು ಹೊರಗೆ ಕೂತ ಮೂರು ದಿನ ಮನೆಯ ಅಡುಗೆ ಪೂರ್ತಿ ಅವರ ಮೇಲೆ. ನಿಂತು ಮುದ್ದೆ ತೊಳಸಲು ಆಗದೆ, ಪಾತ್ರೆಯನ್ನು ನೆಲಕ್ಕಿಟ್ಟು, ಎರಡು ಪಾದದ ನಡುವೆ ಒತ್ತಿ ಹಿಡಿದು, ಕುಕ್ಕರುಗಾಲಿನಲ್ಲಿ ಕೋಲು ತಿರುಗಿಸುತ್ತಿದ್ದರು. ಗೊಣಗಾಟ ಜಗಲಿಯವರೆಗೆ ಕೇಳುತ್ತಿತ್ತು.

ಅವರ ಗೊಣಗಾಟದಲ್ಲಿ ಒಂದು ಮಾತು ಪ್ರತಿ ತಿಂಗಳೂ ಬರುತ್ತಿತ್ತು. "ನಿಂದು ಒಂದು ನಿಂತ್ರೆ ಸಾಕು ಕಣೇ. ಆಮೇಲೆ ಈ ಒಲೆ ಪೂರಾ ನಿಂದು. ನಾನು ಕಾಲು ಚಾಚ್ಕೊಂಡು ಕೂತ್ಬಿಡ್ತೀನಿ." ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಅವರು ಕಾಯುತ್ತಿದ್ದ ಕಾಲ ಅದು.

ಹೊರಗೆ ಕೂರುವುದಕ್ಕೂ ಅವರದೊಂದು ಕ್ರಮವಿತ್ತು. ಬಟ್ಟೆ ಒಗೆಯುವ ಸೋಪು ಆಗ ಉದ್ದನೆಯ ಬಾರ್ ಬರುತ್ತಿತ್ತು. ಅತ್ತೆ ಅದಕ್ಕೆ ದಾರ ಸುತ್ತಿ ಎಳೆದು ತುಂಡು ಮಾಡುತ್ತಿದ್ದರು. ಒಂದು ತುಂಡನ್ನು ತೆಂಗಿನ ಚಿಪ್ಪಿನಲ್ಲಿಟ್ಟು ಒಗೆಯುವ ಕಲ್ಲಿನ ಮೂಲೆಗೆ ಇಡುತ್ತಿದ್ದರು. ಅದು ಮುಟ್ಟಿನ ಬಟ್ಟೆಗೆ ಮಾತ್ರ. ಬೇರೆ ಯಾವ ಬಟ್ಟೆಗೂ ಅದನ್ನು ಮುಟ್ಟಿಸುವ ಹಾಗಿಲ್ಲ. ಸವೆದಾಗ ಮುಂದಿನ ತಿಂಗಳಿಗೆ ಹೊಸ ತುಂಡು. ಒಗೆದ ಬಟ್ಟೆಯನ್ನು ಬಚ್ಚಲ ಹಿಂದಿನ ತಂತಿಗೆ ಹಾಕಿ ಮೇಲೊಂದು ಹಳೇ ಸೀರೆ ಹೊದಿಸಬೇಕು, ಗಂಡಸರ ಕಣ್ಣಿಗೆ ಬೀಳಬಾರದು. ನಾಲ್ಕನೆಯ ದಿನ ಬೆಳಿಗ್ಗೆ ಹಂಡೆಯ ನೀರು ಕಾದ ಮೇಲೆ ಅತ್ತೆ ಹಿಂಬಾಗಿಲಿಗೆ ಬಂದು, "ಸ್ನಾನ ಮಾಡ್ಕೊಂಡು ಒಳಗೆ ಬಾ" ಅನ್ನುತ್ತಿದ್ದರು. ಅಲ್ಲಿಗೆ ರಜೆ ಮುಗಿಯಿತು.

ನನಗೆ ನಲವತ್ತೇಳು ನಡೆಯುತ್ತಿದ್ದಾಗ ಮುಟ್ಟು ಹಿಂದೆಮುಂದೆ ಆಗತೊಡಗಿ, ಒಂದು ಯುಗಾದಿಯ ನಂತರ ನಿಂತೇಹೋಯಿತು. ಎಂಬತ್ತರ ದಶಕದ ನಡುವಿನ ಮಾತು. ನಿಂತರೆ ನಿಶ್ಚಿಂತೆ ಅಂದುಕೊಂಡಿದ್ದೆ. ನಿಶ್ಚಿಂತೆಯ ಮನೆ ಹಾಳಾಗ, ಆಗಲೇ ಶುರುವಾಯಿತು ಎಲ್ಲ. ಕಾರ್ಖಾನೆಯ ಸ್ಟೂಲಿನ ಮೇಲೆ ಕೂತಿದ್ದ ಹಾಗೇ ಎದೆಯಿಂದ ಬಿಸಿ ಏಳುತ್ತಿತ್ತು. ಕತ್ತು, ಮುಖ, ಕಿವಿ ಕೆಂಡ. ಎರಡು ನಿಮಿಷದಲ್ಲಿ ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು, ಆಮೇಲೆ ಚಳಿ. ಎಷ್ಟು ಸುತ್ತು ಸುತ್ತಿದೆ ಅನ್ನುವುದು ಮರೆತುಹೋಗಿ ತಂತಿ ಬಿಚ್ಚಿ ಮೊದಲಿಂದ ಸುತ್ತುತ್ತಿದ್ದೆ. ನಿದ್ದೆ ಹಾಳಾಯಿತು. ಕೀಲುಗಳಲ್ಲಿ ನೋವು. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ಚಿಕ್ಕವನು ಒಂದು ದಿನ ಕಾಲೇಜಿಂದ ಬಂದು "ಅಮ್ಮಾ, ಉಪ್ಪು" ಅಂದದ್ದಕ್ಕೆ ತಟ್ಟೆ ಕಿತ್ತುಕೊಂಡು ಬಚ್ಚಲಿಗೆ ಸುರಿದೆ, ಆಮೇಲೆ ಅಲ್ಲೇ ನಿಂತು ಅತ್ತುಬಿಟ್ಟೆ. ಎಲ್ಲಕ್ಕಿಂತ ಹೆಚ್ಚು ಅಂದರೆ ಸುಸ್ತು. ಕೆಲಸ ಮಾಡಿ ಬಂದ ಸುಸ್ತಲ್ಲ, ಬೆಳಿಗ್ಗೆ ಏಳುವಾಗಲೇ ಇರುತ್ತಿದ್ದ ಸುಸ್ತು.

ಆ ಸ್ಥಿತಿಯಲ್ಲಿ ನನ್ನ ಮೂರು ದಿನವೂ ಹೋಗುತ್ತದೆ ಅನ್ನುವುದು ಹೊಳೆದದ್ದು ನಿಂತ ಎರಡನೆಯ ತಿಂಗಳು. ಬೇಕಾಗಿದ್ದಾಗಲೇ ಇಲ್ಲ. ಹೇಳಿದರೆ ಅತ್ತೆ ಒಲೆ ಪೂರ್ತಿ ನನಗೆ ಒಪ್ಪಿಸಿ ಕಾಲು ಚಾಚಿಕೊಂಡು ಕೂರುತ್ತಾರೆ, ಅವರು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದದ್ದೂ ಅದೇ. ಮೂವತ್ತು ದಿನವೂ ನಾನೇ. ಸಾಯುವವರೆಗೂ ನಾನೇ.

ಒಂದು ಸಂಜೆ ಕಾರ್ಖಾನೆಯಿಂದ ಬಂದವಳು ಮುಂಬಾಗಿಲಿಗೆ ಹೋಗದೆ ಹಿಂದಕ್ಕೆ ಹೋದೆ. ಅಡುಗೆಮನೆಯ ಕಿಟಕಿಯಿಂದ, "ಅತ್ತೆ, ನಾನು ಹೊರಗಾಗಿದೀನಿ" ಅಂದೆ.

ಒಳಗೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ, "ಹ್ಞೂ, ಚಾಪೆ ಅಲ್ಲೇ ಇದೆ ನೋಡು" ಅಂದರು.

ಅಂದು ನಾನು ಏಳು ಗಂಟೆಗೇ ಮಲಗಿದೆ. ಮೂರು ದಿನ ಹಾಗೇ. ಬಟ್ಟೆಯೂ ಬೇಕಲ್ಲ ತೋರಿಸುವುದಕ್ಕೆ. ಗಂಟಿನಲ್ಲಿದ್ದ ಹಳೇ ಬಟ್ಟೆ ನಾಲ್ಕು ತೆಗೆದು, ಕೊಳಾಯಿ ನೀರಿನಲ್ಲಿ ಅದ್ದಿ ಹಿಂಡಿ, ತಂತಿಗೆ ಹಾಕಿ ಸೀರೆ ಹೊದಿಸಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ನನ್ನಷ್ಟು ಜಾಣೆ ಇಲ್ಲ ಅಂದುಕೊಂಡೆ. ಮುಂದಿನ ತಿಂಗಳೂ ಅದೇ. ಕ್ಯಾಲೆಂಡರ್ ನೋಡಿಕೊಂಡು, ಒಂದು ತಿಂಗಳು ಎರಡು ದಿನ ಮುಂಚೆ, ಒಂದು ತಿಂಗಳು ಒಂದು ದಿನ ತಡವಾಗಿ, ಅನುಮಾನ ಬರದ ಹಾಗೆ.

ಚಾಪೆಯ ಮೇಲೆ ಮಲಗಿದಾಗ ಒಳಗೆ ಕೋಲು ತಿರುಗಿಸುವ ಸದ್ದು, ಅದರ ನಡುವೆ "ಅಯ್ಯಪ್ಪಾ, ಮಂಡಿ" ಅನ್ನುವುದು ಕೇಳುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಆ ಮುದುಕಿಯ ವಿಶ್ರಾಂತಿಯನ್ನು ನಾನು ಕದಿಯುತ್ತಿದ್ದೇನೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಏಳಲಿಲ್ಲ. ಏಳಲು ಆಗುತ್ತಿರಲಿಲ್ಲ.

ಬಿಸಿ, ಬೆವರು ಮುಚ್ಚಿಡಲು ಆಗದ ವಿಷಯ. ಅತ್ತೆ ಕೇಳಿದಾಗ "ಉಷ್ಣ ಆಗಿದೆ" ಅಂದೆ. ನಮ್ಮಲ್ಲಿ ಉಷ್ಣ ಅಂದರೆ ಅದರೊಳಗೆ ಎಲ್ಲ ರೋಗವೂ ಅಡಗುತ್ತದೆ. ಅಲ್ಲಿಂದ ಅತ್ತೆಯ ಮನೆಮದ್ದು ಶುರು. ರಾತ್ರಿ ನೆನೆಹಾಕಿದ ಕೊತ್ತಂಬರಿ ಬೀಜ, ಜೀರಿಗೆಯ ನೀರು ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕಾರ್ಖಾನೆಗೆ ಒಂದು ಡಬ್ಬಿ ರಾಗಿ ಅಂಬಲಿ, ನೀರು ಮಜ್ಜಿಗೆ ಬೆರೆಸಿ. ನೀರಿನ ಮಡಕೆಗೆ ಲಾವಂಚದ ಬೇರು. ಶನಿವಾರ ನೆತ್ತಿಗೆ ಹರಳೆಣ್ಣೆ. ಸಾರಿಗೆ ಖಾರ ಅರ್ಧ ಮಾಡಿಬಿಟ್ಟರು. ನನ್ನ ಗಂಡ, ಲೇತ್ ಮುಂದೆ ದಿನವಿಡೀ ನಿಂತು ಬರುವ ಮನುಷ್ಯ, "ಇದೇನಮ್ಮ, ಸಾರು ಬಾಣಂತಿಗೆ ಮಾಡಿದ ಹಾಗಿದೆ" ಅಂದಾಗ, "ನಿಂಗೆ ಬೇಕಾದ್ರೆ ಮೆಣಸಿನಕಾಯಿ ಕಚ್ಕೊ" ಅಂದು ಒಳಗೆ ಹೋದರು.

ಅದರ ಜೊತೆಗೆ ದಿನಾ ಸಂಜೆ ಒಂದು ಎಳ್ಳುಂಡೆ. ನನಗೆ ಅದೊಂದು ಅರ್ಥವಾಗುತ್ತಿರಲಿಲ್ಲ. "ಉಷ್ಣ ಅಂದ್ರೆ ಎಳ್ಳು ಕೊಡ್ತೀರಲ್ಲ, ಎಳ್ಳೇ ಉಷ್ಣ ಅಲ್ವಾ ಅತ್ತೆ" ಅಂದೆ. "ಮೂಳೆಗೆ ಬೇಕು, ತಿನ್ನು ಸುಮ್ನೆ" ಅಂದರು. ಲೋಳೆಸರದ ತಿರುಳನ್ನು ಮಜ್ಜಿಗೆಗೆ ಹಾಕಿ ಕೊಟ್ಟ ದಿನ ಮಾತ್ರ ನಾನು ಲೋಟ ಕೆಳಗಿಟ್ಟು, ಇದನ್ನು ಕುಡಿಯುವುದಕ್ಕಿಂತ ಬೆಂದು ಸಾಯುವುದು ವಾಸಿ ಅಂದುಬಿಟ್ಟೆ. ಅವರು ಲೋಟ ಎತ್ತಿಕೊಂಡು ತಾವೇ ಕುಡಿದರು.

ಕಾರ್ಖಾನೆಯಲ್ಲಿ ಪಕ್ಕದ ಸ್ಟೂಲಿನವಳಿಗೆ ಒಬ್ಬಳಿಗೇ ನಾನು ನಿಜ ಹೇಳಿದ್ದು. ಗೋವಿಂದರಾಜನಗರದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ಅವಳದು ಆಗಲೇ ಮುಗಿದಿತ್ತು. ಅವಳು ಕರೆದುಕೊಂಡು ಹೋದ ಹೋಮಿಯೋಪತಿ ಡಾಕ್ಟರು ಸಕ್ಕರೆ ಗುಳಿಗೆ ಕೊಟ್ಟು, ಕಾಫಿ ಬಿಡಬೇಕು, ಹಸಿ ಈರುಳ್ಳಿ ಬಿಡಬೇಕು ಅಂದರು. ಗುಳಿಗೆಯೋ ಕಾಫಿಯೋ ಅಂದಾಗ ನಾನು ಕಾಫಿಯ ಕಡೆ ಹೋದೆ. ಆಮೇಲೆ ಬಸವೇಶ್ವರನಗರದ ಒಂದು ಕಲ್ಯಾಣಮಂಟಪದಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರಿಗೆ ಯೋಗ ಹೇಳಿಕೊಡುತ್ತಾರೆ ಅಂತ ಎಳೆದುಕೊಂಡು ಹೋದಳು. ಕೈ ಎತ್ತಿ, ಕಾಲು ಎತ್ತಿ, ಉಸಿರು ಬಿಡಿ ಅಂದರು. ಕೊನೆಗೆ ಶವಾಸನ. ನಾನು ಅಲ್ಲೇ ನಿದ್ದೆ ಹೋದೆ. ಎಲ್ಲರೂ ಎದ್ದು ಜಮಖಾನ ಮಡಚುವಾಗ ಎಬ್ಬಿಸಿದರು. "ನಿಂಗೆ ಬೇಕಾಗಿರೋದು ಅದೊಂದೇ ಆಸನ ಕಣೇ" ಅಂತ ಅವಳು ಬಸ್ಸಿನುದ್ದಕ್ಕೂ ನಕ್ಕಳು. ನಿಜ ಹೇಳಬೇಕೆಂದರೆ ಆ ಭಾನುವಾರಗಳು ನನಗೆ ಒಳ್ಳೆಯದು ಮಾಡಿದವು. ಬಿಸಿ ಏಳುವಾಗ ಗಾಬರಿಯಾಗದೆ ಉದ್ದ ಉಸಿರು ಬಿಡುತ್ತಾ ಕೂರುವುದು ಅಲ್ಲೇ ಕಲಿತದ್ದು. ಅಂಬಲಿ, ಮಜ್ಜಿಗೆಯಿಂದ ಕಾರ್ಖಾನೆಯ ಮಧ್ಯಾಹ್ನಗಳೂ ಸ್ವಲ್ಪ ಹಗುರಾದವು. ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ.

ಒಂದು ಸಲ ಅತ್ತೆ ಕೆಂಗೇರಿ ಹತ್ತಿರದ ಒಬ್ಬರು ನಾಟಿ ಪಂಡಿತರ ಬಳಿ ಕರೆದುಕೊಂಡು ಹೋದರು. ಊದಿದ ಮಂಡಿಯಲ್ಲಿ ಎರಡು ಬಸ್ಸು ಹತ್ತಿ ಇಳಿದರು. ಪಂಡಿತರು ನಾಡಿ ಹಿಡಿದು, "ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯೇನಮ್ಮ" ಅಂದರು. ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. "ಆಗ್ತಿದೆ" ಅಂದೆ. "ಹೆಚ್ಚು ಹೋಗುತ್ತಾ?" "ಹೆಚ್ಚೇ" ಅಂದೆ, ಸುಳ್ಳಿಗೆ ಸ್ವಲ್ಪ ಗಟ್ಟಿತನ ಇರಲಿ ಅಂತ. ಅವರು ರಕ್ತ ಕಟ್ಟುವುದಕ್ಕೆ ಅಂತ ಒಂದು ಪುಡಿ ಕೊಟ್ಟರು. ಅತ್ತೆ ಏನೂ ಮಾತಾಡದೆ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ ಅಂದುಕೊಂಡರೂ, ಅತ್ತೆ ದಿನಾ ಹಾಲಿಗೆ ಕದಡಿ ಕೊಟ್ಟದ್ದನ್ನು ಕುಡಿದೆ. ಕುಡಿದು ವಾಸಿ ಅನ್ನಿಸಿತು ಕೂಡ. ಪಕ್ಕದ ಸ್ಟೂಲಿನವಳಿಗೆ, ಪಂಡಿತರ ಕೈಗುಣ ಚೆನ್ನಾಗಿದೆ ಅಂತಲೂ ಹೇಳಿದೆ.

ಹೀಗೆ ವರ್ಷ ದಾಟಿತು. ನಿಂತು ಹದಿನಾಲ್ಕು ತಿಂಗಳು, ಅದರಲ್ಲಿ ಹದಿಮೂರು ತಿಂಗಳು ನಾನು ಇಲ್ಲದ ಮುಟ್ಟಿಗೆ ಹೊರಗೆ ಕೂತೆ.

ಆಮೇಲೆ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಸ್ಟೂಲಿನಿಂದ ಎದ್ದಾಗ ಸೀರೆಗೆ ರಕ್ತ. ನನಗೆ ಮೊದಲು ಹೊಳೆದದ್ದು, ಅಯ್ಯೋ, ಈ ತಿಂಗಳದ್ದು ಹತ್ತು ದಿನದ ಕೆಳಗೆ ಕೂತು ಎದ್ದಿದ್ದೇನಲ್ಲ ಅಂತ. ಮನುಷ್ಯನ ಬುದ್ಧಿ ನೋಡಿ. ದೇಹದ ಚಿಂತೆ ಅಲ್ಲ, ಸುಳ್ಳಿನ ಚಿಂತೆ. ಪಕ್ಕದವಳು ಮಾತ್ರ ಮುಖ ಸಣ್ಣ ಮಾಡಿಕೊಂಡಳು. "ವರ್ಷದ ಮೇಲೆ ಕಾಣಿಸಿಕೊಂಡ್ರೆ ಒಳ್ಳೇದಲ್ಲ ಕಣೇ. ನಮ್ಮ ಬೀದೀಲಿ ಒಬ್ಬರಿಗೆ ಹಿಂಗೇ ಶುರುವಾಗಿದ್ದು. ಡಾಕ್ಟ್ರಿಗೆ ತೋರ್ಸು" ಅಂದಳು. ಆ ಒಬ್ಬರು ಏನಾದರು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮನೆಯಲ್ಲಿ ಏನಂತ ಹೇಳುವುದು? ಹೊರಗಾಗಿದ್ದೇನೆ ಅಂದರೆ, ಹತ್ತೇ ದಿನಕ್ಕೆ ಮತ್ತೆ ಹೇಗಾಯಿತು ಅನ್ನುತ್ತಾರೆ. ನಿಂತು ಹದಿನಾಲ್ಕು ತಿಂಗಳಾಗಿತ್ತು ಅನ್ನಬೇಕಾದರೆ, ಅಷ್ಟೂ ತಿಂಗಳು ನಿಮ್ಮ ಮಂಡಿ ಮೇಲೆ ನಾನು ಮಲಗಿದ್ದೆ ಅನ್ನಬೇಕು. ಎರಡೂ ಬಾಯಿಗೆ ಬರಲಿಲ್ಲ. ಇಲ್ಲದ ರಕ್ತವನ್ನು ಇದೆ ಅಂತ ತೋರಿಸಿದವಳು ಈಗ ಇದ್ದ ರಕ್ತವನ್ನು ಬಚ್ಚಿಡತೊಡಗಿದೆ. ಅಡುಗೆ ಮಾಡಿದೆ, ನೀರು ಹಿಡಿದೆ, ದೇವರ ಗೂಡಿಗೆ ದೀಪವನ್ನೂ ಹಚ್ಚಿದೆ. ಹಚ್ಚಿ ಅಲ್ಲೇ ಕೈಮುಗಿದು ನಿಂತೆ. ಮೈಲಿಗೆಯ ಭಯಕ್ಕಲ್ಲ, ನನ್ನ ಹೊಟ್ಟೆಯೊಳಗೆ ಏನು ಕೂತಿದೆಯೋ ಅನ್ನುವ ಭಯಕ್ಕೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಟ್ಟೆ ಒಗೆದು, ತಂತಿಗೆ ಹಾಕದೆ, ಟ್ರಂಕಿನ ಹಿಂದೆ ಒಣಗಿಸಿದೆ. ನಾಲ್ಕು ದಿನ ಹೀಗೆ ನಡೆಯಿತು. ನಿಲ್ಲಲಿಲ್ಲ.

ಐದನೆಯ ದಿನ ಭಾನುವಾರ. ಗಂಡ, ಮಕ್ಕಳು ಯಾರೂ ಮನೆಯಲ್ಲಿರಲಿಲ್ಲ. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಅತ್ತೆ ಹಿತ್ತಿಲಿಂದ ಗೋಡೆ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಎದ್ದು ಬೇರೆ ಸೀರೆ ಉಟ್ಕೊ. ಲೇಡಿ ಡಾಕ್ಟ್ರ ಹತ್ರ ಹೋಗೋಣ" ಅಂದರು.

"ಯಾಕತ್ತೆ, ನಿಮ್ಮ ಮಂಡಿಗಾ?"

"ಹ್ಞೂ, ಮಂಡಿಗೆ. ಏಳು ಮೊದ್ಲು."

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರು ಲೇಡಿ ಡಾಕ್ಟರು ತಮ್ಮ ಮನೆಯ ಮುಂದಿನ ರೂಮಿನಲ್ಲೇ ನೋಡುತ್ತಿದ್ದರು, ಭಾನುವಾರವೂ ಮಧ್ಯಾಹ್ನದವರೆಗೆ ಇರುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದುಕೊಂಡು ನಡೆದರು. ಒಳಗೆ ಹೋದ ಮೇಲೆ ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ತಾವು ಕೂರದೆ ನನ್ನನ್ನು ಕೂರಿಸಿದರು.

"ಏನಮ್ಮ ತೊಂದರೆ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆಯೇ ಹೇಳಿದರು, "ಇವಳಿಗೆ ರಕ್ತ ಹೋಗ್ತಿದೆ ಡಾಕ್ಟ್ರೇ."

"ಇದಕ್ಕೆ ಮುಂಚೆ ಯಾವಾಗ ಆಗಿತ್ತು?"

ವರ್ಷದ ಅಭ್ಯಾಸ, ನಾಲಿಗೆ ತಾನಾಗಿಯೇ ಹೊರಳಿತು. "ಈ ತಿಂಗಳೇ, ಎರಡು ವಾರದ ಕೆಳಗೆ..." ಅಂತ ಶುರು ಮಾಡಿದೆ.

"ಇಲ್ಲ ಡಾಕ್ಟ್ರೇ" ಅಂದರು ಅತ್ತೆ. "ನಿಂತು ಹದಿನಾಲ್ಕು ತಿಂಗಳಾಗಿತ್ತು. ಇವಳು ಹೇಳಲ್ಲ, ನಾನು ಹೇಳ್ತೀನಿ, ಬರ್ಕೊಳ್ಳಿ. ಐದು ದಿನದಿಂದ ಮತ್ತೆ ಕಾಣಿಸ್ಕೊಂಡಿದೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಪೆನ್ನು ಹಿಡಿದುಕೊಂಡೇ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಒಳಗೆ ಕರೆದು ಪರೀಕ್ಷೆ ಮಾಡಿ, ತಡ ಮಾಡುವುದು ಬೇಡ, ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ಕ್ಲೀನ್ ಮಾಡಿ ಚೂರು ಪರೀಕ್ಷೆಗೆ ಕಳಿಸಬೇಕು ಅಂದರು. ಮನೆಮದ್ದು ಏನೇನು ಮಾಡಿದ್ದೀರಿ ಅಂತ ಕೇಳಿದರು. ಅತ್ತೆ ಒಂದೊಂದೇ ಹೇಳಿದರು. "ಅಂಬಲಿ, ಎಳ್ಳು, ಮಜ್ಜಿಗೆ ಎಲ್ಲ ಮುಂದುವರಿಸಿ, ಬಿಸಿ ಏಳೋದಕ್ಕೆ ಮೈಗೆ ಒಳ್ಳೇದೇ. ಆದ್ರೆ ನಿಂತು ವರ್ಷ ಆದ್ಮೇಲೆ ಒಂದು ತೊಟ್ಟು ರಕ್ತ ಕಂಡ್ರೂ ಕಷಾಯ ಕಾಯಿಸ್ತಾ ಕೂರ್ಬೇಡಿ, ನೇರ ಇಲ್ಲಿಗೆ ಬನ್ನಿ" ಅಂದರು. ಅದನ್ನು ನನಗೆ ಹೇಳದೆ ಅತ್ತೆಗೆ ಹೇಳಿದರು, ಈ ಮನೆಯಲ್ಲಿ ಬುದ್ಧಿ ಇರುವವರು ಯಾರು ಅಂತ ಅವರಿಗೆ ಗೊತ್ತಾಗಿತ್ತು.

ಹಿಂದಿರುಗುವಾಗ ಅತ್ತೆಗೆ ನಡೆಯಲು ಆಗದೆ ದಾರಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ.

"ಹೆಂಗೆ ಗೊತ್ತಾಯ್ತು ಅತ್ತೆ?" ಅಂದೆ.

"ಸೋಪು" ಅಂದರು.

ನನಗೆ ಅರ್ಥವಾಗಲಿಲ್ಲ.

"ಚಿಪ್ಪಿನಲ್ಲಿ ಸೋಪು ಇಡ್ತಿದ್ದೆನಲ್ಲ. ಹೋದ ವರ್ಷ ಯುಗಾದಿ ಆದ್ಮೇಲೆ ಇಟ್ಟ ತುಂಡು ಹಂಗೇ ಕೂತಿತ್ತು. ದಾರದ ಗೀಟು ಸಹ ಅಳಿಸಿರ್ಲಿಲ್ಲ. ನೀನು ಬಟ್ಟೆ ಒದ್ದೆ ಮಾಡಿ ತಂತಿಗೆ ಹಾಕ್ತಿದ್ದೆ, ಸೋಪು ಮುಟ್ಟೋದು ಮರ್ತಿದ್ದೆ. ಒಂದು ತಿಂಗಳು, ಎರಡು ತಿಂಗಳು ನೋಡ್ದೆ. ಸೋಪಿಲ್ದೆ ಅದ್ಯಾವ ಮುಟ್ಟಿನ ಬಟ್ಟೆ ಒಗೆಯೋಕಾಗುತ್ತೆ? ಈಗ ನಾಲ್ಕು ದಿನದಿಂದ ಸೋಪು ಸವೀತಾ ಇದೆ, ತಂತಿ ಮೇಲೆ ಬಟ್ಟೆ ಇಲ್ಲ. ಇವತ್ತು ಬೆಳಿಗ್ಗೆ ನೋಡಿದ್ರೆ ಅರ್ಧ ಆಗ್ಬಿಟ್ಟಿದೆ. ನನ್ನ ಜೀವ ಹೋದಂಗಾಯ್ತು ಕಣೇ."

"ಮತ್ತೆ ಪಂಡಿತರ ಹತ್ರ ಯಾಕೆ ಸುಮ್ನಿದ್ರಿ?"

"ನೀನು ಸುಳ್ಳು ಹೇಳ್ದೆ, ಅವ್ರು ಸುಳ್ಳಿಗೆ ಮದ್ದು ಕೊಟ್ರು. ಅದನ್ನ ನಿಂಗ್ಯಾಕೆ ಕುಡಿಸ್ಲಿ? ದಾಸವಾಳದ ಬುಡಕ್ಕೆ ಹಾಕ್ದೆ. ನಿಂಗೆ ಕೊಟ್ಟಿದ್ದು ಹೆಸರುಕಾಳು ಹುರಿದು ಬೀಸಿದ ಹಿಟ್ಟು."

ನನಗೆ ನಗು ಬಂತು, ನಗಲು ಹೋದರೆ ಅಳು ಬಂತು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದೆ, "ಗೊತ್ತಿದ್ದೂ ಅಷ್ಟು ತಿಂಗಳು ನೀವೇ ಬೇಯಿಸಿ ಹಾಕಿದ್ರಲ್ಲ, ಯಾಕೆ ಅತ್ತೆ? ಬೈಬಾರ್ದಿತ್ತಾ ನನ್ನ?"

ಅವರು ಮಂಡಿಯನ್ನು ಎರಡೂ ಕೈಯಿಂದ ಉಜ್ಜಿಕೊಳ್ಳುತ್ತಿದ್ದರು. "ನಮ್ಮನೇಲಿ ಹೆಂಗಸು ಸುಮ್ನೆ ಕೂತ್ರೆ ಯಾಕೆ ಕೂತೆ ಅಂತಾರೆ. ಹೊರಗೆ ಕೂತ್ರೆ ಯಾರೂ ಕೇಳಲ್ಲ. ನೀನು ಬರೋಕ್ ಮುಂಚೆ ನಂದು ನಿಂತಾಗ ನಂಗೂ ಹಿಂಗೇ ಬೆಂಕಿ ಏಳ್ತಿತ್ತು. ನಮ್ಮತ್ತೆ ಬಾಯಿಗೆ ಹೆದರಿ ನಿಂತಿದೆ ಅಂತ ನಿಜ ಹೇಳ್ಬಿಟ್ಟೆ. ಮಾರನೇ ದಿನದಿಂದ ಒಲೆ ಬಿಟ್ಟು ಏಳ್ಲಿಲ್ಲ. ನಿಂಗೆ ನನ್ನಷ್ಟು ಪೆದ್ದುತನ ಇಲ್ವಲ್ಲ ಅಂತ ಸಮಾಧಾನ ಆಯ್ತು." ಮಂಡಿಯಿಂದ ಕೈ ತೆಗೆದು, "ಆದ್ರೆ ರಕ್ತ ಬಚ್ಚಿಟ್ಟಿದ್ದು ತಪ್ಪು. ಅದಕ್ಕೆ ಮಾತ್ರ ನಿಂಗೆ ಎರಡು ಬಿಡ್ಬೇಕು ಅನ್ಸುತ್ತೆ" ಅಂದರು.

ನರ್ಸಿಂಗ್ ಹೋಮಿನಲ್ಲಿ ಒಂದು ದಿನ ಇದ್ದು ಬಂದೆ. ಪರೀಕ್ಷೆಯ ಫಲಿತಾಂಶ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಾನು ಯಾವ ದೇವರಿಗೆ ಏನು ಹರಕೆ ಹೊತ್ತೆನೋ ಪಟ್ಟಿ ಮಾಡಿದರೆ ನಗುತ್ತೀರಿ. ಗಂಡನಿಗೆ ವಿಷಯ ಹೇಳಿದಾಗ ಅವರು, "ನಿಂಗೆ ಅಷ್ಟು ವಯಸ್ಸಾಯ್ತಾ" ಅಂದರು. ಆ ಮಾತಿಗೆ ಬಂದ ಕೋಪ ಈಗಲೂ ಪೂರ್ತಿ ಇಳಿದಿಲ್ಲ. ಆದರೆ ಚೀಟಿ ತರಲು ಅವರೇ ಅರ್ಧ ದಿನ ರಜೆ ಹಾಕಿ ಹೋದರು. ಕೆಟ್ಟದ್ದೇನೂ ಇರಲಿಲ್ಲ. ಒಳಗೆ ಒಂದು ಸಣ್ಣ ಗಂಟು ಬೆಳೆದಿತ್ತಂತೆ, ಅದನ್ನು ತೆಗೆದಾಗಿತ್ತು. ಅತ್ತೆ ಸುದ್ದಿ ಕೇಳಿ ಒಳಗೆ ಹೋಗಿ ದೇವರ ಮುಂದೆ ಕೂತರು. ಎಬ್ಬಿಸಲು ನಾನೇ ಹೋಗಬೇಕಾಯಿತು.

ಮುಂದಿನ ತಿಂಗಳು ನಾನು ಹೊರಗೆ ಕೂರುತ್ತಿದ್ದ ದಿನ ಬಂತು. ಸಂಜೆ ಕಾರ್ಖಾನೆಯಿಂದ ಬಂದು ಮುಂಬಾಗಿಲಿಂದಲೇ ಒಳಗೆ ಹೋದೆ. ಇನ್ನೇನು ಬಚ್ಚಿಡುವುದು, ಒಲೆ ನನ್ನದು. ಅಡುಗೆಮನೆಯಲ್ಲಿ ಅತ್ತೆ ಆಗಲೇ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ಬಿಡಿ ಅತ್ತೆ, ನಾನು ಮಾಡ್ತೀನಿ."

"ನೀನು ಹೊರಗಲ್ವಾ ಇವತ್ತು?" ಅಂದರು, ತಿರುಗಿ ನೋಡದೆ.

"ಎಲ್ಲಾರಿಗೂ ಗೊತ್ತಾಯ್ತಲ್ಲ ಇನ್ನೇನು."

"ಯಾರಿಗೆ? ನಿನ್ನ ಗಂಡನಿಗಾ? ಅವನಿಗೆ ಇವತ್ತು ಯಾವ ವಾರ ಅಂತ ಕೇಳಿದ್ರೆ ಗೊತ್ತಿರಲ್ಲ. ಚಾಪೆ ಹಾಸಿದೀನಿ, ಹೋಗು."

ಹೋದೆ. ಹೋಗಬಾರದಿತ್ತು ಅಂತ ನೀವು ಅನ್ನಬಹುದು. ಆ ಸಂಜೆ ನನ್ನ ಮೈಯಲ್ಲಿ ಇದ್ದ ಸುಸ್ತು ನಿಮಗೆ ಗೊತ್ತಿದ್ದರೆ ಅನ್ನುವುದಿಲ್ಲ. ಜಗಲಿಯಲ್ಲಿ ಚಾಪೆ, ಅದರ ಪಕ್ಕ ಒಂದು ಲೋಟ ಮಜ್ಜಿಗೆ, ಒಂದು ಎಳ್ಳುಂಡೆ. ಒಗೆಯುವ ಕಲ್ಲಿನ ಮೂಲೆಯಲ್ಲಿ ಚಿಪ್ಪು ಇರಲಿಲ್ಲ, ಎತ್ತಿಟ್ಟಿದ್ದರು. ಆ ಮೂರು ದಿನ ನಾನು ಸೊಪ್ಪು ಬಿಡಿಸಿಕೊಟ್ಟೆ, ಮೊರದಲ್ಲಿ ಅಕ್ಕಿ ಆರಿಸಿಕೊಟ್ಟೆ. ಮೊದಲಾದರೆ ನಾನು ಮುಟ್ಟಿದ್ದನ್ನು ಅವರು ಒಳಗೆ ಸೇರಿಸುತ್ತಿರಲಿಲ್ಲ, ಈಗ ಮಾತಿಲ್ಲದೆ ತೆಗೆದುಕೊಂಡು ಹೋದರು. ಜೀವಮಾನವಿಡೀ ಹಿಡಿದುಕೊಂಡು ಬಂದ ಕಟ್ಟುನಿಟ್ಟನ್ನು ಅವರು ಹೀಗೆ ಒಂದು ಮೊರದಲ್ಲಿ ಬಿಟ್ಟುಬಿಟ್ಟರು. ಮನೆಯ ಗಂಡಸರು ಯಾರೂ ಏನೂ ಕೇಳಲಿಲ್ಲ.

ಇನ್ನೂ ಎರಡು ವರ್ಷ ಹೀಗೆ ನಡೆಯಿತು. ಬಿಸಿ ಏಳುವುದು ನಿಧಾನಕ್ಕೆ ಕಡಿಮೆಯಾಯಿತು, ನಿದ್ದೆ ಅಷ್ಟಿಷ್ಟು ಬಂತು. ಅಂಬಲಿಯಿಂದಲೋ, ಉಸಿರಿನಿಂದಲೋ, ಕಾಲ ಕಳೆದದ್ದರಿಂದಲೋ ನಾನು ಹೇಳಲಾರೆ. ನನ್ನನ್ನು ಕೇಳಿದರೆ ಚಾಪೆಯಿಂದ ಅನ್ನುತ್ತೇನೆ.

ಆಮೇಲೆ ಒಂದು ತಿಂಗಳು, ಚಾಪೆಯ ಮೊದಲನೆಯ ದಿನ. ನಾನು ಜಗಲಿಯಲ್ಲಿ ಮಲಗಿದ್ದೆ. ಒಳಗೆ ಪಾತ್ರೆ ನೆಲಕ್ಕಿಟ್ಟ ಸದ್ದು ಕೇಳಿತು, ಕೋಲು ತಿರುಗಿಸುವ ಸದ್ದು ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಹಿಂಬಾಗಿಲಿಗೆ ಬಂದರು. ಹೊಸ್ತಿಲ ಮೇಲೆ ನಿಲ್ಲಲೂ ಆಗದೆ ಹಾಗೇ ಕುಸಿದು ಕೂತರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ಇವತ್ತು ನನ್ನ ಕೈಲಿ ಆಗ್ತಿಲ್ಲ ಕಣೇ" ಅಂದರು. "ಸ್ನಾನ ಮಾಡ್ಕೊಂಡು ಒಳಗೆ ಬಾ."

ನಾನು ಎದ್ದು ಚಾಪೆಯನ್ನು ಅವರಿಗೆ ಹಾಸಿದೆ.